ತಾನಾಗಿ ಏಳುವ ಯಂತ್ರ ಮತ್ತು ಮಕ್ತುಮಸಾಬರು

ಬೀಜ ಪರೀಕ್ಷೆಯ ಕ್ಷೇತ್ರದಲ್ಲಿ ಹೆಸರು ಮಾಡಿದವರ ಪಟ್ಟಿಯನ್ನು ಯಾರಾದರೂ ಸಿದ್ಧಪಡಿಸಿದರೆ ಅದರಲ್ಲಿ ವಿಜ್ಞಾನಿಗಳಿರುತ್ತಾರೆ, ನಿರ್ದೇಶಕರಿರುತ್ತಾರೆ. ವಿದ್ಯುತ್ ಮೇಸ್ತ್ರಿಯೊಬ್ಬರು ಇರಲಿಕ್ಕಿಲ್ಲ. ಆದರೆ ರಾಯಾಪುರದ ನಮ್ಮ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಮೊಳೆತ ಕಾಳುಗಳ ಹಿಂದೆಲ್ಲ ಶ್ರೀ ಮಕ್ತುಮಸಾಬರ ಕೈಯಿದೆ ಎಂಬುದನ್ನು ಅವರ ನಿವೃತ್ತಿಯ ಈ ಅಭಿನಂದನ ಸಂಪುಟದಲ್ಲಾದರೂ ಹೇಳದಿದ್ದರೆ ತಪ್ಪಾದೀತು.

ಸೇವೆಗೆ ಸೇರಿದ ಮೊದಲ ವಾರದಲ್ಲೇ ಅವರು ಒಂದು ಶಿಸ್ತನ್ನು ಜಾರಿಗೆ ತಂದರು. ಕರೆಂಟು ಹೋದೊಡನೆ ಎಲ್ಲ ಸ್ವಿಚ್ಚುಗಳನ್ನೂ ಆರಿಸಬೇಕು. ಏಕೆಂದು ಆಗಿನ ನಿರ್ದೇಶಕರು ಕೇಳಿದ್ದಕ್ಕೆ, "ಬರೂ ಮುಂದ ಅದು ಧಿಮಾಕಿಲೆ ಬರತೈತ್ರಿ ಸರ್, ಮೊದಲ ಬಾಗಲಾ ಹಾಕ್ಕೊಂಡಿರಬೇಕು" ಎಂದರಂತೆ. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅದೇ ರೂಢಿಯಾಯಿತು. ಕರೆಂಟು ಮರಳುವ ಕ್ಷಣದ ಹೆಚ್ಚಿನ ಒತ್ತಡಕ್ಕೆ ಮೋಟರು ಸುಟ್ಟುಹೋಗುವುದು ನಿಂತಿತು.

ಆಮೇಲೆ ಮೊಳಕೆ ಕೋಣೆಗೆ ಕಂಪ್ಯೂಟರು ಬಂತು. ಕೋಣೆಯ ತಂಪನ್ನು ಕಾಯುವುದು ಅದರ ಕೆಲಸ. ಎರಡು ತಾಸು ತಂಪಿಲ್ಲದಿದ್ದರೂ ಮೊಳಕೆಗಳು ತಡೆಯುತ್ತವೆ, ಅದಕ್ಕಿಂತ ಹೆಚ್ಚಾದರೆ ಬೆಂದುಹೋಗುತ್ತವೆ. ಕರೆಂಟು ಹೋದರೆ ಕಂಪ್ಯೂಟರು ಮಲಗುತ್ತಿತ್ತು. ಬಂದ ಮೇಲೂ ಯಾರಾದರೂ ಗುಂಡಿ ಒತ್ತುವವರೆಗೆ ಏಳುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಕಾವಲಿಗಿರುತ್ತಿದ್ದ ಫಕೀರವ್ವನಿಗೆ ಆ ಗುಂಡಿಯೆಂದರೆ ಭಯ. ಅವಳು ಫೋನು ಮಾಡುವುದು, ಸಾಬರು ಮಾಳಮಡ್ಡಿಯ ಮನೆಯಿಂದ ಹಳೆಯ ಮೊಪೆಡ್ ಹತ್ತಿ ಬರುವುದು, ಒಂದು ಬೆರಳಿನ ಕೆಲಸ ಮುಗಿಸಿ ಹಿಂದಿರುಗುವುದು ವರ್ಷಗಟ್ಟಲೆ ನಡೆಯಿತು. ಹಬ್ಬದ ದಿನ ಬಡಿಸಿದ ತಟ್ಟೆಯನ್ನು ಮುಚ್ಚಿಟ್ಟು ಅವರ ಪತ್ನಿ ಗುಲ್ಜಾರಬಿಯವರು ಎಷ್ಟು ಸಲ ಕಾದಿದ್ದಾರೋ ಅವರೇ ಹೇಳಬೇಕು.

ಮೂರು ವರ್ಷಗಳ ಹಿಂದೆ ಜೋಳದ ತಳಿಗಳ ಮೇಲೆ ಸಂಶೋಧನೆಗೆ ಬಂದ ಕುಮಾರಿ ರಜನಿ, ಕರೆಂಟು ಬಂದಾಗ ಕಂಪ್ಯೂಟರು ತಾನೇ ಶುರುವಾಗುವ ಏರ್ಪಾಡು ಅದರೊಳಗೇ ಇದೆ ಎಂದು ತೋರಿಸಿಕೊಟ್ಟರು. ಇಷ್ಟು ವರ್ಷ ಒಂದು ಆಯ್ಕೆ ಬದಲಿಸುವುದು ತಿಳಿಯದೆ ಮೊಪೆಡ್ ಸವೆಸಿದೆನಲ್ಲ ಎಂದು ಸಾಬರಿಗೆ ಎರಡು ದಿನ ಮುಖ ಊದಿತ್ತು. ಮೂರನೆಯ ದಿನ ತಾವೇ ಕುಳಿತು ಬದಲಿಸಿದರು. ಏಳು ಸಲ ಪ್ಲಗ್ಗು ಕಿತ್ತು, ಏಳು ಸಲವೂ ಅದು ಎದ್ದದ್ದನ್ನು ನೋಡಿ, ಇನ್ನು ಮುಂದೆ ಅದನ್ನು ಮುಟ್ಟುವುದೇ ಬೇಡ, ಕರೆಂಟು ಬಂದರೆ ತಾನಾಗಿ ಏಳುತ್ತದೆ ಎಂದು ಫಕೀರವ್ವನಿಗೆ ತಾಕೀತು ಮಾಡಿದರು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಯಿತು. ಫಕೀರವ್ವ ಹಳೆಯ ಪಾಠದಂತೆ ಎಲ್ಲ ಸ್ವಿಚ್ಚುಗಳನ್ನೂ ಆರಿಸಿದಳು. ಅರ್ಧ ತಾಸಿಗೆ ಕರೆಂಟು ಬಂತು. ಉಳಿದವನ್ನೆಲ್ಲ ಹಾಕಿ, ಹೊಸ ಪಾಠದಂತೆ ಕಂಪ್ಯೂಟರಿನ ಸ್ವಿಚ್ಚನ್ನು ಮಾತ್ರ ಮುಟ್ಟಲಿಲ್ಲ; ಅದು ಆರಿದಂತೆಯೇ ಉಳಿಯಿತು. ಸೋಮವಾರ ಬಾಗಿಲು ತೆರೆದಾಗ ರಜನಿಯವರ ಒಂದು ಹಂಗಾಮಿನ ಮೊಳಕೆಗಳು ತಟ್ಟೆಯಲ್ಲೇ ಕಪ್ಪಾಗಿದ್ದವು. ಆ ಹುಡುಗಿ ಮೆಟ್ಟಿಲ ಮೇಲೆ ಕುಳಿತು ಅತ್ತದ್ದನ್ನು ನಾವ್ಯಾರೂ ಮರೆತಿಲ್ಲ.

ಫಕೀರವ್ವ ಗುತ್ತಿಗೆಯವಳು; ನಾಳೆಯಿಂದ ಬರಬೇಡ ಎನ್ನಲು ಒಂದು ಮಾತು ಸಾಕಿತ್ತು, ಆ ಮಾತು ಕಚೇರಿಯಲ್ಲಿ ಬಾಯಿಗೆ ಬಂದೂ ಆಗಿತ್ತು. ಸಾಬರು ನಿರ್ದೇಶಕರ ಕೋಣೆಗೆ ಹೋಗಿ, ಕುಳಿತುಕೊಳ್ಳಿ ಎಂದರೂ ಕೂರದೆ ಹೇಳಿದರು: "ಆಕಿ ತಪ್ಪ ಮಾಡಿಲ್ರಿ. ನಾ ಹೇಳಿದ್ದು ಎರಡೂ ಮಾತು ಪಾಲಿಸ್ಯಾಳ. ಎರಡೂ ಕೂಡಿದ್ರ ಏನಾಗತೈತಿ ಅಂತ ನೋಡಬೇಕಾದಾಂವ ನಾನು. ಬರಕೊಳ್ಳೂದಿದ್ರ ನನ್ನ ಹೆಸರು ಬರಕೋರಿ." ನಿವೃತ್ತಿಗೆ ಮೂರೇ ವರ್ಷ ಉಳಿದಿದ್ದ ಮನುಷ್ಯ, ಕಲೆಯಿಲ್ಲದ ಸೇವಾ ಪುಸ್ತಕಕ್ಕೆ ತಾವಾಗಿಯೇ ಒಂದು ಕಲೆ ಕೇಳಿ ಹಾಕಿಸಿಕೊಂಡರು. ಫಕೀರವ್ವನ ಕೆಲಸ ಉಳಿಯಿತು.

ಅಂದೇ ಅವರು ಗೋಡೆಯಿಂದ ಆ ಸ್ವಿಚ್ಚನ್ನೇ ಕಿತ್ತರು. ಬದಲಿಗೆ, ಬಂದ ಕರೆಂಟನ್ನು ಮೂರು ನಿಮಿಷ ತಡೆದು, ಅದರ ಧಿಮಾಕು ಇಳಿದ ಮೇಲೆ ಕಂಪ್ಯೂಟರಿಗೆ ಬಿಡುವ ಪುಟ್ಟ ಪೆಟ್ಟಿಗೆಯನ್ನು ತಾವೇ ಕಟ್ಟಿ ಕೂರಿಸಿದರು. ರಜನಿಯವರ ಎರಡನೆಯ ಬಿತ್ತನೆಗೆ ಕಾಳು ಎಣಿಸಿಕೊಟ್ಟವರೂ ಅವರೇ. ಈ ವರ್ಷ ರಜನಿಯವರ ಪ್ರಬಂಧ ಅಂಗೀಕಾರವಾಗಿದೆ. ಅದರ ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಮೇಸ್ತ್ರಿಯದು.

ಕಳೆದ ವಾರ ನಿವೃತ್ತರಾಗಿ ಬೀಗದ ಕೈ ಒಪ್ಪಿಸುವಾಗಲೇ ಕರೆಂಟು ಹೋಯಿತು. ಚಹಾ ಮುಗಿಯುವಷ್ಟರಲ್ಲಿ ಬಂತು. ಸಾಬರು ಅಭ್ಯಾಸಬಲದಿಂದ ಎದ್ದೇಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಫಕೀರವ್ವ, "ಕುಂದರ್ರಿ ಸಾಬ್ರ. ಅದು ತಾನ ಏಳತೈತಿ" ಎಂದಳು. ಅವರು ಕುಳಿತರು. ಮೂರು ನಿಮಿಷ ಕಳೆಯಿತು. ಒಳಗೆ ಕಂಪ್ಯೂಟರು ಒಮ್ಮೆ ಕುಂಯ್ ಎಂದಿತು. ಸಾಬರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

ಅವರಿಗೆ ದೀರ್ಘಾಯುಸ್ಸು, ಆರೋಗ್ಯ ಲಭಿಸಲಿ. ಮಾಳಮಡ್ಡಿಯ ಓಣಿಯಲ್ಲಿ ಕೆಟ್ಟ ಪಂಪು, ಮಿಕ್ಸರುಗಳೆಲ್ಲ ಅವರ ಕೈಗೇ ಬರುತ್ತಿರಲಿ. ಗುಲ್ಜಾರಬಿಯವರು ಬಡಿಸಿದ ಹಬ್ಬದ ಊಟ ಮಾತ್ರ ಇನ್ನು ಮುಂದೆ ಬಿಸಿಯಿರುವಾಗಲೇ ಮುಗಿಯಲಿ.