ಗುಡಿಸಿದ ಬಾಳೆತೋಟ

ನನ್ನ ತಂಗಿ ಅಮುದಾ ಕೂತು ಊಟ ಮಾಡಿದ್ದನ್ನು ನಾನು ಇತ್ತೀಚೆಗೆ ಕಂಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಸ್ಕೂಟಿಯ ಹತ್ತಿರಕ್ಕೆ ಓಡಾಡುತ್ತಲೇ ನುಂಗುತ್ತಾಳೆ. ನಡುವೆ ಫೋನು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ರೈತರ ಸಂಘದ ಕೆಲಸಕ್ಕೆ ಸೇರಿದ ಮೇಲಂತೂ ಆ ಚಕ್ರಕ್ಕೆ ಬ್ರೇಕೇ ಇಲ್ಲದಂತಾಗಿದೆ.

ಕೆಲಸವೇನೋ ಕೇಳಲು ಸುಲಭ. ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ಬಾಳೆಯ ಒಣ ತರಗು, ಕಡಿದ ದಿಂಡು ಎಲ್ಲವನ್ನೂ ಗುಡ್ಡೆ ಹಾಕಿ ಸುಡುತ್ತಾರೆ. ಸುಡಬೇಡಿ, ಬುಡಕ್ಕೇ ಹೊದಿಸಿ, ಮಣ್ಣಿನ ತೇವ ಆರುವುದಿಲ್ಲ ಎಂದು ಅರ್ಧ ಎಕರೆ, ಒಂದೆಕರೆಯವರನ್ನು ಒಪ್ಪಿಸಬೇಕು. ಅವರು ಕೂರಿಸಿ ಮಜ್ಜಿಗೆ ಕೊಡುತ್ತಾರೆ, ಹೂಂ ಹೂಂ ಎಂದು ತಲೆಯಾಡಿಸುತ್ತಾರೆ, ಇವಳ ಸ್ಕೂಟಿ ತಿರುವು ದಾಟುತ್ತಲೇ ಕಡ್ಡಿ ಗೀರುತ್ತಾರೆ. ಹಾವು ಸೇರುತ್ತದೆ ಎಂಬುದು ಒಬ್ಬರ ನೆಪ, ಇಲಿ ಎಂಬುದು ಇನ್ನೊಬ್ಬರದು. ಇವಳು ಪ್ರತಿಯೊಂದಕ್ಕೂ ಉತ್ತರ ಹುಡುಕಿಕೊಂಡು ಮತ್ತೆ ಅದೇ ಬಾಗಿಲು ತಟ್ಟುತ್ತಿದ್ದಳು.

ಒಪ್ಪಿದವಳು ಒಬ್ಬಳೇ, ಕೊಂಬೈಯ ನಮ್ಮ ಸೋದರತ್ತೆ ಪೊನ್ನುತಾಯಿ. ಅದೂ ನಂಬಿ ಒಪ್ಪಿದ್ದಲ್ಲ, ಅಣ್ಣನ ಮಗಳು ಕೇಳಿದಳಲ್ಲ ಎಂದು. ಅತ್ತೆಯ ಶುಚಿ ಎಂಥದ್ದೆಂದರೆ ಬೇಲಿಯ ಹೊರಗಿನ ಊರ ದಾರಿಯನ್ನೂ ಅವಳೇ ಗುಡಿಸುವವಳು. ಅಂಥವಳ ಬಾಳೆತೋಟ ಒಂದು ವರ್ಷ ತರಗು ಹೊದ್ದು ಬಿದ್ದಿತ್ತು. ಆ ವರ್ಷವೆಲ್ಲ ಅವಳು ಯಾರನ್ನೂ ತೋಟದ ಕಡೆ ಕರೆಯಲಿಲ್ಲ. ಹೇಗಿದೆ ಎಂದು ಅಮುದಾ ಕೇಳಿದರೆ "ಇದೆ" ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು.

ಅಷ್ಟರಲ್ಲಿ ಸಂಘದವರು ಕೊನೆಯ ಮಾತು ಹೇಳಿಬಿಟ್ಟರು. ಈ ಹಂಗಾಮಿನಲ್ಲಿ ತೇವಾರಂ ಕಡೆಯ ರೈತರು ಸೇರದಿದ್ದರೆ ಕಣಿವೆಯಲ್ಲಿ ಈ ಕೆಲಸವೇ ನಿಲ್ಲುತ್ತದೆ, ಅಮುದಾಳ ಉದ್ಯೋಗವೂ ಅದರ ಜೊತೆಗೇ. ತೇವಾರಂನವರು ನಮ್ಮ ಕನ್ನಡ ಮಾತಿನವರೇ, ನಮ್ಮ ಹಾಗೇ ಹಟದವರು. ಕಣ್ಣಾರೆ ಕಾಣದೆ ನಂಬುವುದಿಲ್ಲ ಎಂದರು. ಸರಿ, ಅತ್ತೆಯ ತೋಟ ತೋರಿಸುತ್ತೇನೆ ಎಂದು ಇವಳು ದಿನ ಗೊತ್ತುಮಾಡಿದಳು. ದಿನಾ ಒಡ್ಡನ್‌ಛತ್ರಂ ಮಾರುಕಟ್ಟೆಗೆ ತರಕಾರಿ ಹೊರುವ ನನ್ನ ವ್ಯಾನಿಗೆ ಆವತ್ತು ರೈತರನ್ನು ಹೊರುವ ಕೆಲಸ ಬಿತ್ತು.

ದಾರಿಯುದ್ದಕ್ಕೂ ಅಮುದಾ ನನ್ನ ಪಕ್ಕದ ಸೀಟಿನಲ್ಲಿ ಕಾಲು ಕುಣಿಸುತ್ತಲೇ ಇದ್ದಳು. ಹಿಂದೆ ಕೂತ ಪೆರಿಯಣ್ಣನ್, ಆ ಗುಂಪಿನ ಹಿರಿಯ, ಹಾವಿನ ಪುರಾಣ ಬಿಚ್ಚಿದ್ದರು. ಇವಳು ಅವರಿಗೆ ಉತ್ತರ ಕೊಡುತ್ತ, ಕಿಟಕಿಯಾಚೆ ನೋಡುತ್ತ, ಅತಿಥಿಗಳು ಬರುತ್ತಿರುವುದನ್ನು ತಿಳಿಸಲು ಅತ್ತೆಗೆ ಫೋನು ಹಚ್ಚಿದಳು.

"ಅತ್ತೆ, ಬತ್ತಾ ಇದ್ದೀವಿ. ವಿರುಂದಾಳಿಗಳು ತುಂಬಾ ಜನ."

"ಬಾ ಮಗಳೆ. ವಿರುಂದಾಳಿ ಬಂದ್ರೆ ಗೊತ್ತಿಲ್ವಾ ನಂಗೆ? ಎಲ್ಲಾ ರೆಡಿ ಮಾಡಿವ್ನಿ," ಎಂದಳು ಅತ್ತೆ. ಅಮುದಾಳ ಕಾಲು ಆಗ ಕೊಂಚ ನಿಂತಿತು.

ಕೊಂಬೈ ದಾಟಿ ತೋಟದ ಹತ್ತಿರ ಬಂದಾಗ ಹೊಗೆ ಕಂಡಿತು. ಯಾರದೋ ತೋಟದ್ದು ಎಂದುಕೊಂಡೆ. ಇಳಿದು ನೋಡಿದರೆ ಅತ್ತೆಯದೇ. ಇಬ್ಬರು ಕೂಲಿ ಹೆಂಗಸರನ್ನು ಹಿಡಿದು ಬೆಳಗಿನಿಂದ ತೋಟವನ್ನು ಅಂಗಳದ ಹಾಗೆ ಗುಡಿಸಿ, ತರಗನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದಳು. ಒಂದು ಎಲೆ ನೆಲದಲ್ಲಿರಲಿಲ್ಲ. ಬಂದವರ ಕಾಲಿಗೆ ಧೂಳು ಮೆತ್ತಬಾರದೆಂದು ತೋಟಕ್ಕೆಲ್ಲ ನೀರು ಬೇರೆ ಹಾಯಿಸಿದ್ದಳು, ಹಾಗಾಗಿ ಮಣ್ಣು ಕೆದಕಿ ಹಳೆಯ ತೇವ ತೋರಿಸುವ ದಾರಿಯೂ ಮುಚ್ಚಿತ್ತು. ಹೊಸ ಸೀರೆ ಉಟ್ಟು, ಮಜ್ಜಿಗೆಯ ಕೊಡ ಹಿಡಿದು, ಮುಖ ಅರಳಿಸಿ ನಿಂತಿದ್ದಳು. ನನಗೆ ನಗು ಉಕ್ಕಿ ಬಂತು. ತಂಗಿಯ ಮುಖ ನೋಡಿ ಅದನ್ನು ನುಂಗಿಕೊಂಡೆ.

"ತೋಟ ಅಂದ್ರೆ ಇದು! ಎಷ್ಟು ಸುತ್ತವಾಗಿ ಇಟ್ಟವ್ರೆ!" ಎಂದು ಆ ಶುಚಿಯನ್ನು ಮೆಚ್ಚಿದರು ಪೆರಿಯಣ್ಣನ್.

ಅಮುದಾಳಿಗೆ ತಡೆಯಲಾಗಲಿಲ್ಲ. "ಏನ್ ಅತ್ತೆ ಮಾಡ್ದೆ? ಬುದ್ಧಿ ಇದೆಯಾ ನಿಂಗೆ? ಇವರು ನೋಡಾಕೆ ಬಂದದ್ದೇ ಆ ತರಗ! ಒಂದ್ ವರ್ಷದ್ದ ಒಂದ್ ಬೆಳಗ್ಗೆಲಿ ಸುಟ್ಟೆಯಲ್ಲ, ಏನೂ ತಿಳೀದವ್ಳೆ!" ಎಂದು ಎಲ್ಲರೆದುರು ಕಿರುಚಿದಳು.

"ವಿರುಂದಾಳಿಗಳ ಕಸ ಕುಪ್ಪೆ ಮೇಲೆ ನಿಲ್ಸೋದಾ ಮಗಳೆ?" ಎಂದು ಅತ್ತೆ ಮೆಲ್ಲಗೆ ಕೇಳಿದಳು. ಅಮುದಾ ಬದುವಿನ ಮೇಲೆ ಕುಸಿದು ಕೂತು ಮಂಡಿಯಲ್ಲಿ ಮುಖ ಹುದುಗಿಸಿದಳು. ಅವಳ ಎರಡು ವರ್ಷದ ಓಡಾಟವೆಲ್ಲ ಹೊಗೆಯಾಗಿ ಹೋಗಿತ್ತು. ಬಂದವರು ಏನು ಮಾಡಬೇಕೆಂದು ತಿಳಿಯದೆ ಮಜ್ಜಿಗೆ ಕುಡಿಯುತ್ತ ನಿಂತರು.

ಅತ್ತೆ ಕೊಡ ಕೆಳಗಿಟ್ಟಳು. ಯಾರ ಮುಖವನ್ನೂ ನೋಡದೆ, ಬಾಳೆಗಿಡಕ್ಕೆ ಹೇಳುವವಳ ಹಾಗೆ ಹೇಳಿದಳು: "ಕೇಳ್ರಪ್ಪಾ. ಈ ಬ್ಯಾಸಗೇಲಿ ಪಕ್ಕದ್ ತೋಟದವ್ರು ಎರಡು ತಪ ನೀರು ಬಿಡೋವಾಗ ನಾ ಒಂದೇ ತಪ, ಒಂದೇ ಸಲ ಬಿಟ್ಟಿವ್ನಿ. ಗೊನೆ ಅವರದಕ್ಕಿಂತ ದಪ್ಪ. ಇವ್ಳಿಗೂ ಹೇಳ್ಲಿಲ್ಲ. ಹೇಳಿದ್ರೆ ಎಲ್ರೂ ನೋಡಾಕ್ ಬತ್ತಾರೆ, ನನ್ ತೋಟ ಕುಪ್ಪೆಯಾಗಿರೋದ ನೋಡ್ತಾರೆ ಅಂತ ನಾಚಿಕೆ."

ಪೆರಿಯಣ್ಣನ್ ಗಂಟಲು ಸರಿಮಾಡಿಕೊಂಡು, ಬದುವಿನ ಹತ್ತಿರ ಬಂದು, ಅಮುದಾಳ ಪಕ್ಕ ನಿಂತಿದ್ದ ನನ್ನ ಹೊರತು ಇನ್ನಾರಿಗೂ ಕೇಳಿಸದಂತೆ ಅವಳ ಕಿವಿಯ ಹತ್ತಿರ ಬಗ್ಗಿದರು.

"ತಾಯಿ, ತರಗ ತೋಟದ ಹಿಂದ್ಗಡೆ ಹಾಕಿದ್ರೆ ಆಗುತ್ತಾ? ರೋಡಿಗೆ ಕಾಣ್ದಂಗೆ?"

ಅಮುದಾ ತಲೆಯೆತ್ತಿದಳು. ಹಾವಲ್ಲ, ಇಲಿಯಲ್ಲ! ದಾರಿಯಲ್ಲಿ ಹೋಗುವವರು ಸೋಮಾರಿ ಎಂದಾರು ಎಂಬ ಒಂದೇ ಅಳುಕು. ಇಷ್ಟು ದಿನ ಒಬ್ಬನಾದರೂ ಬಾಯಿ ಬಿಟ್ಟಿರಲಿಲ್ಲ, ಇವಳೂ ಕೇಳಿರಲಿಲ್ಲ. "ಆಗುತ್ತೆ ಮಾಮ, ಹಿಂದ್ಗಡೆನೇ ಹಾಕಿ!" ಎಂದು ಎದ್ದುಬಿಟ್ಟಳು. ಆಮೇಲೆ ಒಬ್ಬೊಬ್ಬರೂ ಬಂದು ಅದನ್ನೇ ಗುಟ್ಟಾಗಿ ಕೇಳಿದರು. ತೇವಾರಂ ಒಪ್ಪಿತು.

ಅವರನ್ನು ಊರಿಗೆ ಬಿಟ್ಟು ಬರುವಾಗ ಅಮುದಾ ಕುಣಿಯಬೇಕಿತ್ತು. ಅದರ ಬದಲು ಸೀಟಿನಲ್ಲಿ ಹೊರಳಾಡಿದಳು, ಗಾಜು ಏರಿಸಿದಳು, ಇಳಿಸಿದಳು. ಕೊನೆಗೆ "ಅಣ್ಣಾ, ಅತ್ತೆ ಹತ್ರ ಓಗು," ಎಂದಳು.

ಹೋದಾಗ ಅತ್ತೆ ಹಳೆ ಸೀರೆ ಉಟ್ಟು, ಬೆಂಕಿಯ ಗುಡ್ಡೆಯಿಂದ ಇನ್ನೂ ಸುಡದ ದಿಂಡು, ತರಗುಗಳನ್ನು ಕೋಲಿನಲ್ಲಿ ಎಳೆದು, ದಾರಿಯ ಪಕ್ಕದ ಮೊದಲ ಸಾಲಿಗೇ ಹಾಸುತ್ತಿದ್ದಳು. ಊರಿನ ಹೆಂಗಸರಿಬ್ಬರು ನಿಂತು ನೋಡಿ, ಏನೋ ಹೇಳಿಕೊಂಡು ಮುಂದೆ ಹೋದರು.

"ಅತ್ತೆ, ಇಲ್ಲಿ ಬೇಡ. ನೀನೂ ಹಿಂದ್ಗಡೆ ಹಾಕು, ಸಾಕು," ಎಂದಳು ಅಮುದಾ.

ಅತ್ತೆ ಬೆನ್ನೆತ್ತಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನಾಲ್ಕ್ ಜನದ ಮುಂದೆ ನೀ ನನ್ನ ಬೈದಾಯ್ತು ಮಗಳೆ. ಇನ್ನ ಈ ತರಗಿಗೆ ನಾಚೋದೇನು?"

ಅಮುದಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ದಿಂಡಿನ ಇನ್ನೊಂದು ತುದಿ ಹಿಡಿದಳು.