ಆರಿನ್‌ನ ಬಲಗಿವಿ

ನನ್ನ ಗಂಡ ಆರಿನ್ ಹಾಲ್ವರ್ಸನ್ ಪಿಯಾನೊಗಳನ್ನು ಶ್ರುತಿ ಮಾಡುತ್ತಿದ್ದ. ಡುಲೂತ್ ಊರಿನ ಚರ್ಚುಗಳು, ಶಾಲೆಗಳು ಅವನನ್ನೇ ಕರೆಯುತ್ತಿದ್ದವು. ಹುಡುಗನಾಗಿದ್ದಾಗ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದು ಎಡಗಿವಿ ಮಂದವಾಗಿತ್ತು. ನಾವು ಉಂಡಿದ್ದು ಬಲಗಿವಿಯಿಂದ.

ಅವನಿಗಿದ್ದ ಒಂದೇ ಚಟ ಹೆಡ್‌ಫೋನು. ನೆಲಮಾಳಿಗೆಯ ಮೇಜಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಆಂಪ್ಲಿಫೈಯರ್ ಇತ್ತು. ಸಿಗುವವುಗಳಲ್ಲೇ ಅಗ್ಗದ್ದು. ಶನಿವಾರ ಮಧ್ಯಾಹ್ನ ಗೆಳೆಯರು ತಮ್ಮ ತಮ್ಮ ಹೆಡ್‌ಫೋನು ಹೊತ್ತು ಬರುತ್ತಿದ್ದರು. ಒಂದೇ ಹಾಡನ್ನು ಒಂದೊಂದರಲ್ಲಿ ಕೇಳಿ ಜಗಳವಾಡುತ್ತಿದ್ದರು. ನಾನು ಕಾಫಿ ಕೊಟ್ಟು ಮೇಲೆ ಬರುತ್ತಿದ್ದೆ.

ಕೆಲವು ದೊಡ್ಡ ಹೆಡ್‌ಫೋನುಗಳು ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಮೆಲ್ಲಗೇ ಹಾಡುತ್ತವೆ. ಕಿವಿಯೊಳಗೆ ತೂರಿಸುವ ಸಣ್ಣವು ಗುಂಡಿ ಮುಟ್ಟಿದರೆ ಸಾಕು, ಕೂಗುತ್ತವೆ. ಅದಕ್ಕೇ ಅವರಲ್ಲೊಂದು ಕಟ್ಟುಪಾಡಿತ್ತು. ಕುರ್ಚಿಯಿಂದ ಏಳುವವನು ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಏಳಬೇಕು.

ಒಂದು ಶನಿವಾರ ಉಳಿದವರೆಲ್ಲ ಹೋದ ಮೇಲೆ ಕುರ್ಚಿಯಲ್ಲಿದ್ದವನು ಲೈಲ್ ಪೆಕ್ಕಲ. ಶಾಲೆ ಬಸ್ಸಿನ ಡ್ರೈವರು, ಆರಿನ್‌ನ ಜೀವದ ಗೆಳೆಯ. ಅವನೂ ಈಗಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತನ್ನ ದೊಡ್ಡ ಹೆಡ್‌ಫೋನು ಹಾಕಿ ವಾಲ್ಯೂಮ್ ತುದಿಗೇರಿಸಿದ್ದ. ಹೊರಗೆ ಹಿಮ ತೆಗೆಯುವ ಗಾಡಿ ಬಂತು. ತನ್ನ ಟ್ರಕ್ಕು ಅಡ್ಡ ನಿಂತಿದೆ ಎಂದು ಓಡಿದ. ಹಾಡು ನಿಲ್ಲಿಸಿದ್ದ. ವಾಲ್ಯೂಮ್ ಇಳಿಸಿರಲಿಲ್ಲ.

ಆರಿನ್ ಬಂದು ಕೂತ. ಲೈಲ್‌ನ ತಂತಿ ಕಿತ್ತು ತನ್ನ ಸಣ್ಣದನ್ನು ಸಿಕ್ಕಿಸಿ ಕಿವಿಗೆ ತೂರಿಸಿಕೊಂಡ. ಸದ್ದಿಲ್ಲ, ಅನುಮಾನ ಬರಲಿಲ್ಲ. ಕಪ್ಪುಗಳನ್ನು ತೆಗೆಯಲು ಇಳಿದ ನನಗೆ ವಾಲ್ಯೂಮ್ ಗುಂಡಿಯ ಬಿಳಿ ಗೆರೆ ತುದಿಯಲ್ಲೇ ನಿಂತಿರುವುದು ಕಂಡಿತು. "ಆರಿನ್, ಬೇಡ" ಎಂದೆ. ನಾನಿದ್ದದ್ದು ಅವನ ಎಡಗಡೆ. ಕೇಳಲಿಲ್ಲ. ಹಾಡು ಒತ್ತಿದ.

ಕಿರುಚಲಿಲ್ಲ. ತಂತಿ ಕಿತ್ತುಕೊಂಡು ಮೇಜು ಹಿಡಿದು ಕೂತ. ಲೈಲ್‌ನ ಕಾಲು ಮೆಟ್ಟಿಲಲ್ಲಿ ಕಂಡದ್ದೇ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ.

"ಏನಯ್ಯಾ, ದೆವ್ವ ನೋಡಿದವನ ಥರ ಕೂತಿದೀಯ?"

ಆರಿನ್ ಅವನ ತುಟಿ ನೋಡಿ ಹೇಳಿದ: "ನಿನ್ನ ಮುಖ ನೋಡಿದೆ, ಅಷ್ಟೇ."

ಕಿವಿ ತಿರುಗಿ ಬರಬಹುದು, ಬರದೆಯೂ ಇರಬಹುದು, ಕಾಯಿರಿ ಎಂದರು ಡಾಕ್ಟರು. ಈಸ್ಟರ್ ಹತ್ತಿರವಿತ್ತು. ನಮ್ಮ ಚರ್ಚಿನ ಪಿಯಾನೊ ಶ್ರುತಿ ಮಾಡಿಕೊಡಲು ಆಗಲೇ ಒಪ್ಪಿದ್ದ. ಮನೆಯಲ್ಲಿ ಚಮಚ ಇಟ್ಟರೂ ಸದ್ದಾಗದಂತೆ ಇಟ್ಟೆ. ಮಾತು ಕೇಳತೊಡಗಿತು, ಫೋನು ಕೇಳತೊಡಗಿತು. ಪಿಯಾನೊ ಕೇಳುತ್ತದೆಯೇ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಶ್ರುತಿ ಮಾಡುವ ದಿನ ನಾನೂ ಚರ್ಚಿಗೆ ಹೋಗಿ ಬೆಂಚಿನಲ್ಲಿ ಕೂತೆ. ನಡುವಿನ ಸ್ವರಗಳು ಬೇಗ ಮುಗಿದವು. ಮೇಲಿನ ತುದಿಗೆ ಬಂದಾಗ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿದ. ಅಲ್ಲಿ ಪಿಯಾನೊ ನುಡಿಸುವ ಆರ್ಡಿಸ್ ಬಂದು ನುಡಿಸಿ ನೋಡಿದಳು. ಕೈ ಹಿಂದೆಳೆದುಕೊಂಡಳು.

"ಹೇಳಮ್ಮ ಆರ್ಡಿಸ್. ಇಷ್ಟು ವರ್ಷ ನೀನು ನನ್ನ ತಪ್ಪೇ ಹುಡುಕ್ತಿದ್ದೆ, ಇವತ್ತೇನು ನಾಚಿಕೆ?"

"ಮೇಲಿನವು ಸರಿ ಇಲ್ಲ, ಆರಿನ್."

"ನಂಗೆ ಸರಿಯಾಗೇ ಕೇಳಿಸ್ತಿದೆ," ಎಂದ. ಸಲಕರಣೆಗಳನ್ನು ಚೀಲಕ್ಕೆ ಹಾಕಿದ. "ಹಾಗಾದ್ರೆ ಮುಗೀತು."

ಬೇರೊಬ್ಬನ ಹೆಸರು ಹೇಳಿ, ಈಸ್ಟರಿಗೆ ಮುಂಚೆ ಅವನನ್ನು ಕರೆಸಿಕೋ ಎಂದ. ಕಾರಿನಲ್ಲಿ ನಾನು ಲೈಲ್‌ನನ್ನು ಬಾಯಿಗೆ ಬಂದಂತೆ ಬೈದೆ.

"ಅವನಿಗೆ ಗೊತ್ತಾಗಬಾರದು, ವರ್ನಾ. ಮೊಣಕಾಲು ನೋವು ಅಂತ ಬಿಟ್ಟ ಅನ್ನು."

ಊರಿಗೆಲ್ಲ ಹಾಗೇ ಹೇಳಿದ. ಶನಿವಾರಗಳು ನಿಲ್ಲಲಿಲ್ಲ. ಲೈಲ್ ಬರುತ್ತಿದ್ದ. ನಾನು ಅವನಿಗೂ ಕಾಫಿ ಕೊಡುತ್ತಿದ್ದೆ.

ಆರಿನ್‌ನನ್ನು ಮಣ್ಣು ಮಾಡಿ ಬಂದು ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ ಲೈಲ್ ಪಕ್ಕಕ್ಕೆ ಬಂದ. ಅತ್ತು ಕಣ್ಣು ಊದಿತ್ತು.

"ಆ ಹಾಳು ಮೊಣಕಾಲು ಇಲ್ದಿದ್ರೆ ಕೊನೇವರೆಗೂ ಪಿಯಾನೊ ಶ್ರುತಿ ಮಾಡ್ತಿದ್ದ. ಅಲ್ವಾ ವರ್ನಾ?"

ನಿಜ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಹೌದು," ಎಂದೆ. "ತುಂಬ ನೋಯ್ತಿತ್ತು ಅವನಿಗೆ."