ಇಪ್ಪತ್ತು ಮ್ಯಾನೇಜರುಗಳ ಪ್ರಗತಿ ಪತ್ರ

ಇಂಗ್ಲೆಂಡಿನಲ್ಲಿ ಮೊದಲ ದರ್ಜೆಯ ಫುಟ್‌ಬಾಲ್ ಆಡುವ ತಂಡಗಳು ಇಪ್ಪತ್ತು. ಆಟ ಕಲಿಸಿ ತಂಡ ಕಟ್ಟುವ ಅವುಗಳ ಇಪ್ಪತ್ತು ಮ್ಯಾನೇಜರುಗಳಲ್ಲಿ ಕೆಲಸ ಬಲ್ಲವರು ಯಾರು, ಬರೀ ಕೋಟು ತೊಟ್ಟವರು ಯಾರು ಎನ್ನುವುದನ್ನು ನಾನು ಶಿರಸಿಯಲ್ಲಿ ಕೂತೇ ಹೇಳಬಲ್ಲೆ. ಅವರಲ್ಲಿ ಒಬ್ಬರೂ ಈವರೆಗೆ ಕೇಳಿಲ್ಲ ಎನ್ನುವುದು ಬೇರೆ ಮಾತು.

ನನ್ನ ಅರ್ಹತೆಯ ಬಗ್ಗೆ ನಿಮಗೆ ಅನುಮಾನ ಬರುವ ಮೊದಲೇ ಹೇಳಿಬಿಡುತ್ತೇನೆ. ನಾನು ಕೊನೆಯ ಬಾರಿ ಚೆಂಡು ಒದ್ದದ್ದು ಏಳನೇ ತರಗತಿಯಲ್ಲಿ. ಅಂದು ಚೆಂಡು ಇದ್ದಲ್ಲೇ ಇತ್ತು, ಚಪ್ಪಲಿ ಮಾತ್ರ ಗೋಲಿನ ಕಡೆ ಹೋಯಿತು. ಆಟವನ್ನು ನಿಷ್ಪಕ್ಷಪಾತವಾಗಿ ಅಳೆಯಲು ಇದಕ್ಕಿಂತ ಒಳ್ಳೆಯ ತಳಹದಿ ಬೇಕೆ? ಆಡಿದವರಿಗೆ ಆಟಗಾರರ ಮೇಲೆ ಕರುಣೆ ಇರುತ್ತದೆ. ನನಗೆ ಆ ತೊಂದರೆ ಇಲ್ಲ.

ನನ್ನದು ಶಾಲಾ ಸಾಮಗ್ರಿಯ ಸಣ್ಣ ಅಂಗಡಿ. ಒಮ್ಮೆ ಒಂದು ಕಟ್ಟು ಪ್ರಗತಿ ಪತ್ರಗಳು ಮಾರಾಟವಾಗದೆ ಉಳಿದವು. ಈಗ ಎಲ್ಲ ಕಂಪ್ಯೂಟರಿನಲ್ಲೇ ಆಗುತ್ತದಂತೆ, ಕೈಯಲ್ಲಿ ಬರೆಯುವ ಪತ್ರ ಯಾರಿಗೂ ಬೇಡ. ಎಸೆಯಲು ಮನಸ್ಸು ಬರಲಿಲ್ಲ. ಅದರಲ್ಲಿ ಇಪ್ಪತ್ತನ್ನು ತೆಗೆದು ಒಬ್ಬೊಬ್ಬ ಮ್ಯಾನೇಜರನ ಹೆಸರಿಗೆ ಒಂದೊಂದು ಮಾಡಿದೆ. ಹಾಜರಿ, ಶಿಸ್ತು, ನೈರ್ಮಲ್ಯ, ಸಹಪಾಠಿಗಳೊಂದಿಗೆ ನಡತೆ, ತರಗತಿ ಶಿಕ್ಷಕರ ಅಭಿಪ್ರಾಯ, ಎಲ್ಲ ಕಾಲಮ್ಮುಗಳೂ ಅವರಿಗೆ ಹೇಳಿ ಮಾಡಿಸಿದಂತೆ ಇದ್ದವು. ಪೋಷಕರ ಸಹಿಯ ಜಾಗದಲ್ಲಿ ನನ್ನ ಗೆಳೆಯ ಮಂಜುನಾಥ ನಾಯ್ಕ ಸಹಿ ಹಾಕುತ್ತಾನೆ. ಅವನದು ಸಿದ್ದಾಪುರದಲ್ಲಿ ಬೈಕ್ ಗ್ಯಾರೇಜು. ಶನಿವಾರ ಸಂಜೆ ಗ್ಯಾರೇಜು ಮುಚ್ಚಿ, ಕೈಯ ಗ್ರೀಸನ್ನು ಪೂರ್ತಿ ತೊಳೆಯದೆ ಶಿರಸಿಗೆ ಬಂದುಬಿಡುತ್ತಾನೆ. ಹಾಗಾಗಿ ಇಪ್ಪತ್ತೂ ಪತ್ರಗಳ ಕೆಳಗೆ ಅವನ ಹೆಬ್ಬೆಟ್ಟು ಸಹ ಇದೆ.

ಮೊಬೈಲನ್ನು ಗೋಂದಿನ ಬಾಟಲಿಗೆ ಒರಗಿಸಿಟ್ಟು ನಾವು ಪಂದ್ಯ ನೋಡುತ್ತೇವೆ. ನೋಡುವುದು ಎಂದರೆ ಆಟವನ್ನಲ್ಲ, ಗೆರೆಯ ಆಚೆ ನಿಂತು ಕೈ ಬೀಸುವ ಆ ಮನುಷ್ಯನನ್ನು. ಒಬ್ಬನಿದ್ದಾನೆ, ಅವನ ತಂಡ ಚೆಂಡನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಇವನು ಅವನಿಗೆ, ಅವನು ಇವನಿಗೆ, ಇಬ್ಬರೂ ಸೇರಿ ಗೋಲಿಗೆ. ಎದುರಿನ ತಂಡದವರು ಬೇಸತ್ತು ನೀರು ಕುಡಿದು ಬರುತ್ತಾರೆ. ಅವನಿಗೆ ನಾನು ಬರೆದದ್ದು: "ಅಕ್ಷರ ಮುತ್ತಿನಂತಿದೆ. ಉತ್ತರ ಬರೆಯುವುದಿಲ್ಲ." ಇನ್ನೊಬ್ಬ ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಕಿಕ್ ಒಂದನ್ನೇ ನಂಬಿದವನು, ಪ್ರಬಂಧ ಬರೆಯದೆ, ಬಿಟ್ಟ ಸ್ಥಳ ತುಂಬಿಯೇ ಪಾಸಾಗುವ ಜಾತಿ. ಮತ್ತೊಬ್ಬ ತನ್ನ ಹುಡುಗರನ್ನು ಮೊದಲ ನಿಮಿಷದಿಂದ ಹುಚ್ಚಾಪಟ್ಟೆ ಓಡಿಸುತ್ತಾನೆ. ಪಂದ್ಯಗಳು ಶುರುವಾಗುವ ಆಗಸ್ಟಿನಲ್ಲಿ ಅವರನ್ನು ಹಿಡಿಯುವವರೇ ಇಲ್ಲ, ಫೆಬ್ರವರಿ ಹೊತ್ತಿಗೆ ಎಲ್ಲರ ತೊಡೆಗೂ ಪಟ್ಟಿ. ಅವನ ಪತ್ರದಲ್ಲಿ "ಕಿರುಪರೀಕ್ಷೆಯಲ್ಲಿ ಪ್ರಥಮ, ವಾರ್ಷಿಕಕ್ಕೆ ಗೈರುಹಾಜರು" ಎಂದಿದೆ.

ಮಂಜುನಾಥನಿಗೆ ಇಷ್ಟವಾದವನು ಇನ್ನೊಬ್ಬ. ಸಣ್ಣ ಊರಿನ ತಂಡ, ವರ್ಷವರ್ಷವೂ ದೊಡ್ಡ ತಂಡಗಳು ಬಂದು ಅವನ ಒಳ್ಳೆಯ ಆಟಗಾರರನ್ನು ಕೊಂಡು ಹೋಗುತ್ತವೆ. ಅವನು ಮತ್ತೆ ಯಾರೋ ಗೊತ್ತಿಲ್ಲದವರನ್ನು ತಂದು ಹತ್ತನೇ ಸ್ಥಾನದ ಆಸುಪಾಸಿನಲ್ಲೇ ಮುಗಿಸುತ್ತಾನೆ. ಕೂಗುವುದಿಲ್ಲ, ಕುಣಿಯುವುದಿಲ್ಲ.

"ಸಾಮಾನು ಇಲ್ದೇ ಗಾಡಿ ಓಡಿಸ್ತಾ ಅದಾನೆ ಮಾರಾಯ್ರೆ ಅಂವ. ಉಳ್ದವ್ರಿಗೆಲ್ಲ ಹೊಸ ಇಂಜಿನ್ನು," ಎಂದು ಮಂಜುನಾಥ ಪ್ರತಿ ವಾರ ಹೇಳುತ್ತಾನೆ.

ನಾನು ಆ ಮ್ಯಾನೇಜರಿಗೆ ಹತ್ತಕ್ಕೆ ನಾಲ್ಕು ಕೊಟ್ಟಿದ್ದೆ. ಆ ಮನುಷ್ಯ ಸುಮ್ಮನೆ ನಿಂತಿರುತ್ತಾನೆ, ಅದಕ್ಕೆ ಅಂಕ ಎಲ್ಲಿಂದ ಕೊಡುವುದು?

ಮ್ಯಾನೇಜರ್ ಎಂಬ ಪ್ರಾಣಿಯೇ ಒಂದು ವಿಚಿತ್ರ. ಹಳೆಯ ಸಂಸ್ಕೃತ ನಾಟಕಗಳಲ್ಲಿ ಸೂತ್ರಧಾರ ಬರುತ್ತಾನೆ, ಇಂಥ ನಾಟಕ ಎಂದು ಹೇಳುತ್ತಾನೆ, ನಟಿಯ ಹತ್ತಿರ ನಾಲ್ಕು ಮಾತಾಡಿ ಹೊರಟುಹೋಗುತ್ತಾನೆ. ನಾಟಕ ಕೆಟ್ಟರೆ ಅವನನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಫುಟ್‌ಬಾಲ್ ಮ್ಯಾನೇಜರ್ ಪಾಪ, ಹೋಗುವ ಹಾಗಿಲ್ಲ. ಗೆರೆ ದಾಟಿ ಒಳಗೆ ಬರುವ ಹಾಗೂ ಇಲ್ಲ. ಗೆದ್ದರೆ ಹುಡುಗರು ಗೆದ್ದರು, ಸೋತರೆ ಇವನು ಸೋತ. ಮೂರು ಪಂದ್ಯ ಸಾಲಾಗಿ ಸೋತರೆ ಗಂಟುಮೂಟೆ ಕಟ್ಟಬೇಕು. ಇಂಥ ಅವಸರದ ಆಡಳಿತ ಮಂಡಳಿಗಳನ್ನು ನಾನು ಕಟುವಾಗಿ ಖಂಡಿಸುತ್ತೇನೆ. ಆಟ ಕಟ್ಟಲು ಕಾಲ ಬೇಕು, ಒಂದೆರಡು ಸೋಲಿಗೆ ಮನುಷ್ಯನನ್ನು ಕಿತ್ತುಹಾಕುವುದು ಅನಾಗರಿಕತನ ಎಂದು ಅಂಗಡಿಗೆ ರಬ್ಬರು ಕೊಳ್ಳಲು ಬಂದವರಿಗೂ ವಿವರಿಸಿದ್ದೇನೆ.

ಇಷ್ಟೆಲ್ಲ ಪಾಂಡಿತ್ಯ ಅಂಗಡಿಯಲ್ಲೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅದು ಹೊರಗೆ ಬಂದದ್ದು ನನ್ನ ಭಾವನ ಮಗಳ ನಿಶ್ಚಿತಾರ್ಥದಲ್ಲಿ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಯಲ್ಲಾಪುರ ತಾಲೂಕಿನ ಮಾಗೋಡಿನ ಕಡೆಯವನು. ಮಗಳು ತಾನೇ ಮೆಚ್ಚಿದ ಹುಡುಗ, ದಾಸನಕೊಪ್ಪದ ಕಡೆಯವನು. ಜಾತಿ ಬೇರೆ, ಮಾತಿನ ಧಾಟಿ ಬೇರೆ, ಊಟದ ಕ್ರಮವೂ ಬೇರೆ. ಭಾವ ಒಪ್ಪಲು ಒಂದು ವರ್ಷ ತೆಗೆದುಕೊಂಡಿದ್ದ. ಒಪ್ಪಿದ ಮೇಲೆ ಅವನಿಗೆ ಇದ್ದದ್ದು ಒಂದೇ ಹೆದರಿಕೆ: ಬೀಗರು ಮೊದಲ ಸಲ ಮನೆಗೆ ಬಂದು ಉಣ್ಣುವಾಗ ಏನೂ ಕೊರತೆಯಾಗಬಾರದು, ಬೇರೆಯವರೆಂದು ತಾತ್ಸಾರ ಮಾಡಿದರು ಎಂಬ ಮಾತು ಬರಬಾರದು.

ಆ ಊರಿನಲ್ಲಿ ಯಾರ ಮನೆಯ ಕಾರ್ಯವಾದರೂ ಬಡಿಸುವವರು ನೆಂಟರು, ನೆರೆಯವರು. ಅವರೆಲ್ಲರ ಉಸ್ತುವಾರಿ ಮೂವತ್ತು ವರ್ಷಗಳಿಂದ ಪಕ್ಕದ ಮನೆಯ ಗಪ್ಪಣ್ಣನದು. ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲಿ ಸೌಟಿಲ್ಲ, ಬಕೆಟ್ಟಿಲ್ಲ. ಪಂಕ್ತಿಯ ತುದಿಯಲ್ಲಿ ನಿಂತು ಎಲೆಗಳ ಮೇಲೆ ಕಣ್ಣಾಡಿಸುತ್ತಾನೆ, ಆಗೊಮ್ಮೆ ಈಗೊಮ್ಮೆ "ಸಾರು", ಆಚೆಯ ತುದಿ ತೋರಿಸಿ "ಆ ಕೊಡಿಗೆ ಅನ್ನ" ಎನ್ನುತ್ತಾನೆ, ಅಷ್ಟೇ. ಎಲ್ಲರೂ ಉಂಡೆದ್ದ ಮೇಲೆ ಬಡಿಸಿದವರ ಜೊತೆ ಕೊನೆಗೆ ಉಣ್ಣುತ್ತಾನೆ. ಹಿಂದಿನ ವರ್ಷ ಭಾವನ ಮನೆಯ ಗೃಹಪ್ರವೇಶದಲ್ಲಿ ಕೊನೆಯ ಪಂಕ್ತಿಗೆ ಪಾಯಸ ಸಾಲದೆ ಹೋಗಿತ್ತು. ಕರೆದದ್ದಕ್ಕಿಂತ ಒಂದು ಬಸ್ಸು ಹೆಚ್ಚು ಜನ ಬಂದಿದ್ದರು. ನಾನು ಆ ವಿವರಕ್ಕೆ ಹೋಗಲಿಲ್ಲ. ಫಲಿತಾಂಶ ಮುಖ್ಯ.

"ಗಪ್ಪಣ್ಣಂದು ಹಳೇ ಪದ್ಧತಿ. ಈ ಸಲ ಆನು ನೋಡ್ಕತ್ತಿ," ಎಂದು ನಾನು ಭಾವನಿಗೆ ಒಂದು ಗಂಟೆ ಉಪನ್ಯಾಸ ಕೊಟ್ಟು ಉಸ್ತುವಾರಿಯನ್ನು ನನ್ನದಾಗಿಸಿಕೊಂಡೆ. ಹೆಂಡತಿ ಒಳಗಿನಿಂದಲೇ, "ಮನೇಲಿ ಮೂರು ಜನಕ್ಕೆ ಬಡಿಸಿ ಗೊತ್ತಿದ್ದ?" ಎಂದು ಕೇಳಿದಳು. ಅಂಥ ಟೀಕೆಗಳಿಗೆ ದೊಡ್ಡ ಮ್ಯಾನೇಜರುಗಳು ಉತ್ತರ ಕೊಡುವುದಿಲ್ಲ.

ಗಪ್ಪಣ್ಣನಿಗೆ ತಿಳಿಸುವ ಕೆಲಸವೂ ನನ್ನದೇ ಆಯಿತು. "ಈ ಸಲ ನೀನು ಬೀಗರ ಪಂಕ್ತಿಲಿ ಆರಾಮಾಗಿ ಕೂತು ಉಣ್ಣವು," ಎಂದೆ. ಇಂಗ್ಲೆಂಡಿನಲ್ಲಿ ಕಿತ್ತುಹಾಕಿದ ಮ್ಯಾನೇಜರಿಗೆ ಕೋಟಿಗಟ್ಟಲೆ ಪರಿಹಾರ ಕೊಡುತ್ತಾರೆ, ನಾವು ಒಂದು ಬಾಳೆಲೆ ಕೊಟ್ಟೆವು. ಗಪ್ಪಣ್ಣ ಹೆಗಲ ಟವೆಲ್ಲು ತೆಗೆದು ಮಡಚಿದ. "ಅಡ್ಡಿಲ್ಲೆ," ಎಂದ. ಆ ದನಿಯಲ್ಲಿ ನೋವು ಇದ್ದದ್ದು ನನಗೆ ಕೇಳಿಸಿತು. ಕೇಳಿಸದವನಂತೆ ಗಾಡಿ ಹತ್ತಿದೆ.

ನಿಶ್ಚಿತಾರ್ಥದ ದಿನ ಬೆಳಿಗ್ಗೆಯೇ ಬಡಿಸುವವರನ್ನೆಲ್ಲ ಕರೆದು ನನ್ನ ತಂತ್ರ ವಿವರಿಸಿದೆ. ಹಳೆಯ ಕ್ರಮದಲ್ಲಿ ಒಬ್ಬೊಬ್ಬರು ಒಂದೊಂದು ಪದಾರ್ಥ ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಎಷ್ಟು ಶ್ರಮ, ಎಷ್ಟು ನಡಿಗೆ! ನಾನು ಪಂಕ್ತಿಯನ್ನು ನಾಲ್ಕು ವಲಯ ಮಾಡಿದೆ. ಒಂದೊಂದು ವಲಯಕ್ಕೆ ಒಬ್ಬೊಬ್ಬ, ಅವನ ಹತ್ತು ಎಲೆಗಳಿಗೆ ಅನ್ನದಿಂದ ಮಜ್ಜಿಗೆಯವರೆಗೆ ಎಲ್ಲಕ್ಕೂ ಅವನೇ ಜವಾಬ್ದಾರ. ಗೋಡೆಗೆ ನಕ್ಷೆ ಅಂಟಿಸಿದೆ, ಗಪ್ಪಣ್ಣನಂತೆ ಹೆಗಲಿಗೊಂದು ಟವೆಲ್ಲು ಹಾಕಿಕೊಂಡೆ. ಆಮೇಲೆ ಅಡುಗೆಮನೆಗೆ ಹೋಗಿ ಪ್ರತಿಯೊಂದನ್ನೂ ರುಚಿ ನೋಡಿದೆ. ಹೋಳಿಗೆಯನ್ನು ಎರಡು ಸಲ ನೋಡಿದೆ, ಮೊದಲನೆಯದಕ್ಕೆ ತುಪ್ಪ ಕಡಿಮೆಯಾಗಿತ್ತು.

ಮಧ್ಯಾಹ್ನ ಬೀಗರು ಕೂತರು. ಮೊದಲ ವಲಯದಲ್ಲಿ ಬಿಳಿ ಟೋಪಿ ತೊಟ್ಟ ಹಿರಿಯರಾದ ಹುಡುಗನ ಅಜ್ಜ, ಅವರ ಪಕ್ಕದಲ್ಲೇ ಗಪ್ಪಣ್ಣ. ಶುರುವಿಗೆ ಎಲ್ಲ ಚೆನ್ನಾಗಿಯೇ ಇತ್ತು, ಮೊದಲ ಹದಿನೈದು ನಿಮಿಷ ಯಾವ ತಂಡಕ್ಕಾದರೂ ಚೆನ್ನಾಗಿಯೇ ಇರುತ್ತದೆ. ಆದರೆ ಮೊದಲ ವಲಯದವನು ಗಾಳಿಯಂತೆ ಬಡಿಸುವ ಜವ್ವನಿಗ, ನಾಲ್ಕನೆಯವನು ಮಂಡಿನೋವಿನ ನೆಂಟ, ಎಲೆಗೊಂದು ಕುಶಲ ವಿಚಾರಿಸುವವನು. ಹೋಳಿಗೆಯ ಬುಟ್ಟಿಗಳು ಒಳಗಿನಿಂದ ಹೊರಬಿದ್ದದ್ದು ನಾಲ್ಕನೇ ವಲಯದ ಬಾಗಿಲಿನಿಂದ, ಮತ್ತು ಅಲ್ಲಿಯೇ ನಿಂತವು. ಮೊದಲನೆಯವನು ಎರಡು ಸಲ ಬಾಗಿಲ ಕಡೆ ನೋಡಿದ, ಹೋಳಿಗೆ ಬರಲಿಲ್ಲ. ಅವನಿಗೆ ನಾನು ಹೇಳಿದ್ದು ಒಂದೇ, ಎಲ್ಲೂ ನಿಲ್ಲಬೇಡ ಎಂದು. ಅವನು ನಿಲ್ಲಲಿಲ್ಲ. ಮಜ್ಜಿಗೆ ತಂದ.

ಮಜ್ಜಿಗೆ ಬಂತೆಂದರೆ ಊಟ ಮುಗಿಯಿತು ಎಂದರ್ಥ. ಹಿರಿಯರು ಮಜ್ಜಿಗೆ ಅನ್ನ ಉಂಡು, ಕೈ ಎಲೆಯ ಮೇಲಿಟ್ಟುಕೊಂಡು ಕೂತರು. ಏಳುವ ಹಾಗಿಲ್ಲ, ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೇ ಏಳಬೇಕು. ಅಷ್ಟರಲ್ಲಿ ಆಚೆಯ ತುದಿಯಲ್ಲಿ ನಮ್ಮ ಕಡೆಯ ನೆಂಟರ ಎಲೆಗಳಿಗೆ ಬಿಸಿ ಹೋಳಿಗೆ ಬೀಳತೊಡಗಿತು, ಅದರ ಮೇಲೆ ತುಪ್ಪ. ಬೀಗರ ಸಾಲು ಒಣಗಿದ ಕೈಯಲ್ಲಿ ಅದನ್ನು ನೋಡುತ್ತಾ ಕೂತಿತು. ಹಿರಿಯರ ಮಗ, ಅಂದರೆ ಹುಡುಗನ ತಂದೆ, ಮುಖ ಗಂಟಿಕ್ಕಿಕೊಂಡರು. ಭಾವ ಬಾಗಿಲಲ್ಲಿ ನಿಂತಿದ್ದ. ಅವನು ಬೀಗರ ಖಾಲಿ ಎಲೆಗಳನ್ನು ನೋಡಿ ನನ್ನ ಕಡೆ ತಿರುಗಿದ. ಒಂದು ವರ್ಷ ಕಾದು ಒಪ್ಪಿದ ಸಂಬಂಧ, ನನ್ನ ನಾಲ್ಕು ವಲಯಗಳಲ್ಲಿ ಒಡೆದುಹೋಗುವುದರಲ್ಲಿತ್ತು. ನಾನು ಗೋಡೆಯ ಮೇಲಿನ ನಕ್ಷೆ ನೋಡಿದೆ.

ಆಗ ಗಪ್ಪಣ್ಣ ಎಲೆಯ ಮುಂದೆ ಕೂತಲ್ಲಿಂದಲೇ ಮೊದಲ ವಲಯದ ಜವ್ವನಿಗನನ್ನು ಕೂಗಿದ, "ತಮಾ, ಮಜ್ಜಿಗೆ ಆತಲ, ಇತ್ಲಾಗೆ ಹೋಳಿಗೆ ಬರ್ಲಿ!"

ಆಮೇಲೆ ಹಿರಿಯರ ಕಡೆ ತಿರುಗಿ, ಅವರಿಗೆ ತಿಳಿಯುವಂಥ ಮಾತಿನಲ್ಲಿ, "ಈ ಮನೆಯಲ್ಲಿ ಬೀಗರಿಗೆ ಹೀಗೇ. ಮಜ್ಜಿಗೆ ಉಂಡು ಹೊಟ್ಟೆ ತಂಪು ಮಾಡಿಕೊಂಡು ಆಮೇಲೆ ಹೋಳಿಗೆ. ಸಿಹಿಯಲ್ಲೇ ಏಳಬೇಕು ಅಂತ," ಎಂದ.

ಹಿರಿಯರು ಕಣ್ಣರಳಿಸಿದರು. "ಹೌದೇನ್ರೀ? ನಮ್ಮ ಕಡೆ ಹಿಂಗಿಲ್ಲ ನೋಡ್ರಿ. ಛಲೋ ಐತಿ, ಹಾಕ್ರಿ ಮತ್ತ!"

ಗಪ್ಪಣ್ಣ ತಾನೇ ಮೊದಲು ಹಾಕಿಸಿಕೊಂಡು ತಿಂದ, ಸಂಶಯಕ್ಕೆ ಜಾಗ ಉಳಿಯದಂತೆ. ಹಿರಿಯರು ನಾಲ್ಕು ತಿಂದರು. ಹುಡುಗನ ತಂದೆ ತುಪ್ಪ ಇನ್ನೊಂದು ಸಲ ಕೇಳಿದರು. ಅಂಥ ಕ್ರಮ ಆ ಮನೆಯಲ್ಲಿ ಅಲ್ಲ, ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಭಾವ ಬಾಗಿಲಿನ ಚೌಕಟ್ಟು ಹಿಡಿದು ನಿಧಾನ ಉಸಿರು ಬಿಟ್ಟ.

ಕೈ ತೊಳೆಯುವಲ್ಲಿ ಹಿರಿಯರು ನನ್ನ ಹೆಗಲಿನ ಟವೆಲ್ಲು ನೋಡಿ ನಿಂತರು. "ನೀವೇ ಏನ್ರೀ ಬಡಿಸೋ ಉಸ್ತುವಾರಿ? ಭಾಳ ಚಂದ ಆತ್ರಿ. ಇಂಥಾ ಮರ್ಯಾದಿ ಎಲ್ಲೂ ಕಂಡಿಲ್ಲ."

ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ "ಇದೆಲ್ಲ ಹುಡುಗರದ್ದು" ಎನ್ನುವ ಮ್ಯಾನೇಜರಿಗೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ, ನಡತೆಯ ಕಾಲಮ್ಮಿನಲ್ಲಿ. ಗಪ್ಪಣ್ಣ ಎರಡು ಮಾರು ದೂರದಲ್ಲಿ ಬಾಯಿ ಮುಕ್ಕಳಿಸುತ್ತಿದ್ದ. ನಾನು ಹಿರಿಯರಿಗೆ ಕೈ ಮುಗಿದು, "ಏನೋ, ನಮ್ಮ ಕೈಲಾದಷ್ಟು," ಎಂದೆ.

ಹೇಳಿದ ಮರುಗಳಿಗೆಯೇ ನಾಚಿಕೆಯಾಯಿತು, ನಿಜವಾಗಿ ಆಯಿತು. ಹಿರಿಯರು ಅತ್ತ ಹೋದರು. ಗಪ್ಪಣ್ಣ ಮುಖ ಒರೆಸಿಕೊಳ್ಳುತ್ತಾ ಬಂದ. ಕೋಪವಿಲ್ಲ, ವ್ಯಂಗ್ಯವೂ ಇಲ್ಲ. ಅದೇ ಕಷ್ಟವಾದದ್ದು.

"ಮುಂದಿನ ಪಂಕ್ತಿಗೆ ಎಷ್ಟು ಬಾಳೆ ಹಾಕವು?" ಎಂದು ಎಲೆಗಳ ಕಟ್ಟು ತೋರಿಸಿ ಕೇಳಿದ.

"ಗೊತ್ತಿಲ್ಲೆ," ಎಂದೆ. ಅಂದು ನಾನಾಡಿದ ಮೊದಲ ಸತ್ಯ ಅದು.

"ನೀನು ಉಂಡ್ಯ?"

"ಒಳಗೆ ಸ್ವಲ್ಪ ರುಚಿ ನೋಡಿದ್ದೆ."

"ಅದೇಯ. ಹೊಟ್ಟೆ ತುಂಬಿದವಂಗೆ ಇನ್ನೊಬ್ಬನ ಬಾಳೆ ಕಾಣ್ತಿಲ್ಲೆ," ಎಂದ. ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಾಡಿಸಿ ನಕ್ಕ. "ಇವತ್ತು ಎಂಗೂ ಕಾಣ್ತಿಲ್ಲೆ. ಮೂವತ್ತು ವರ್ಷದಲ್ಲಿ ಮೊದಲ ಪಂಕ್ತಿಲಿ ಉಂಡಿದ್ದು ಇವತ್ತೇಯ."

ಹಿರಿಯರು ಚಪ್ಪರದ ಕೆಳಗೆ ಕುರ್ಚಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದರು. ಅವರ ಹತ್ತಿರ ಹೋಗಿ ಹೇಳಿದೆ, ಉಸ್ತುವಾರಿ ನನ್ನದಲ್ಲ, ನಿಮ್ಮ ಪಕ್ಕದಲ್ಲಿ ಕೂತು ಉಂಡರಲ್ಲ ಅವರದು ಎಂದು. ಮಜ್ಜಿಗೆಯ ಗುಟ್ಟು ಮಾತ್ರ ಹೇಳಲಿಲ್ಲ, ಅದು ಗಪ್ಪಣ್ಣನ ಸೊತ್ತು. ಹಿರಿಯರು ಎದ್ದು ಹೋಗಿ ಗಪ್ಪಣ್ಣನ ಎರಡೂ ಕೈ ಹಿಡಿದುಕೊಂಡರು. ನಾನು ಟವೆಲ್ಲು ತೆಗೆದು ಅವನ ಹೆಗಲಿಗೆ ಹಾಕಿದೆ.

ನನಗೆ ಯಾವ ಕೆಲಸ ಎಂದು ಕೇಳಿದೆ. ಗಪ್ಪಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀರಿನ ತಂಬಿಗೆ ಕೈಗೆ ಕೊಟ್ಟ. ನಮ್ಮ ಕಡೆ ಅದು ಆರನೇ ತರಗತಿಯ ಮಕ್ಕಳಿಗೆ ಕೊಡುವ ಕೆಲಸ. ಎರಡನೇ ಪಂಕ್ತಿ ಕೂತಿತು, ಒಬ್ಬೊಬ್ಬನ ಕೈಯಲ್ಲಿ ಒಂದೊಂದು ಪದಾರ್ಥ, ಈ ತುದಿಯಿಂದ ಆ ತುದಿಗೆ. ನಾನು ಬಗ್ಗಿ ಬಗ್ಗಿ ನೀರು ಹಾಕುತ್ತಾ ಸಾಲಿನ ಅರ್ಧ ದಾಟಿದ್ದೆ. ಸೊಂಟ ಹಿಡಿಯುತ್ತಿತ್ತು, ಆದರೂ ಕೆಲಸ ಚೆನ್ನಾಗಿಯೇ ಆಗುತ್ತಿದೆ ಎನಿಸಿತು. ಹಿಂದಿನಿಂದ ಗಪ್ಪಣ್ಣನ ದನಿ ಬಂತು.

"ತಮಾ, ಹಿಂದೆ ಎರಡು ಲೋಟ ಬಿಟ್ಟಿಕ್ಕೆ ಹೋಯ್ದೆ, ನೋಡು."

ತಿರುಗಿ ಹೋಗಿ ಹಾಕಿದೆ.